ಕೈಯಲ್ಲಿ ಮಾಡಿದ ಪೆನ್ ಕಳೆದರೆ ಮಾಡಿದವರ ಹತ್ತಿರವೇ ಹೋಗಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಶಾಯಿ ಪೆನ್ನಿನ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಕಳೆದುಹೋದ ಪೆನ್ನಿನದು. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಇಟ್ಟು, ಇವಕ್ಕೆ ಮಾತ್ರ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಪ್ರವಾಸಕ್ಕೆ ರಾಜಮಂಡ್ರಿಗೆ ಹೋದಾಗ ಒಂದು ಎಬೊನೈಟ್ ಪೆನ್ ಕೊಂಡಿದ್ದೆ. ಕೈಯಲ್ಲಿ ಕಡೆದದ್ದು, ಕಪ್ಪು ಬಣ್ಣ, ಸ್ವಲ್ಪ ದಪ್ಪ. ಪಾಠದ ಟಿಪ್ಪಣಿ, ಮಕ್ಕಳಿಗೆ ಪತ್ರ, ಮನೆ ಲೆಕ್ಕ ಎಲ್ಲ ಅದರಲ್ಲೇ ಬರೆದೆ. ಈಚೆಗೆ ಬಸ್ಸಿನಲ್ಲಿ ಜೇಬಿನಿಂದ ಜಾರಿ ಹೋಯಿತು. ನನಗೆ ಅದೇ ಪೆನ್ ಬೇಕು. ಮಾಡಿದವರ ಹತ್ತಿರ ಹೋಗಿ ಕಳೆದುಕೊಂಡೆ ಅಂತ ಹೇಳಲು ಸಂಕೋಚ. ಮಗ ಆನ್‌ಲೈನಿನಲ್ಲಿ ಅಂಥದ್ದೇ ತರಿಸಿಕೊಡುತ್ತೇನೆ ಅನ್ನುತ್ತಾನೆ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಮೇಷ್ಟ್ರೇ, ಸಂಕೋಚ ಬಿಡಿ, ಹೋಗಿ. ಪೆನ್ ಜೇಬಿನಲ್ಲಿ ಓಡಾಡುವ ವಸ್ತು. ಬೀಳುತ್ತದೆ, ಯಾರೋ ಸಹಿಗೆ ಅಂತ ಇಸಕೊಂಡು ಮರೆತುಹೋಗುತ್ತಾರೆ. ಇದು ಪೆನ್ ಮಾಡುವವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಂಗಡಿಯಲ್ಲಿ ಸಾವಿರ ಥರದ ಪೆನ್ ಸಿಗುವಾಗ ಒಬ್ಬರು ಅಷ್ಟು ದೂರ ವಾಪಸ್ ಬಂದು ನೀವು ಮಾಡಿದ್ದೇ ಬೇಕು ಅಂದರೆ, ಆ ಕೆಲಸಗಾರರಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಯಾವುದಿದೆ ಹೇಳಿ.

ಅದರಲ್ಲೂ ನೀವು ಹೋಗುವುದು ರಾಜಮಂಡ್ರಿಗೆ. ಗೋದಾವರಿ ದಡದ ಆ ಊರಿನಲ್ಲಿ ಕೆ.ವಿ. ರತ್ನಂ ಅವರು ಸ್ವದೇಶಿ ಚಳವಳಿಯ ಕಾಲದಲ್ಲಿ ಪೆನ್ ಮಾಡಲು ಹೊರಟವರು. ಅವರ ಪೆನ್ನು, ಗಾಂಧೀಜಿಯ ಜೊತೆ ಗ್ರಾಮೋದ್ಯೋಗದ ಕೆಲಸ ಮಾಡುತ್ತಿದ್ದ ಜೆ.ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಯ ಕೈ ಸೇರಿತು. 1935ರಲ್ಲಿ ಗಾಂಧೀಜಿ ಅವರಿಗೆ ಪತ್ರ ಬರೆದು, ಪೆನ್ನು ಬಳಸಿ ನೋಡಿದ್ದೇನೆ, ಪೇಟೆಯಲ್ಲಿ ಸಿಗುವ ವಿದೇಶಿ ಪೆನ್ನುಗಳಿಗೆ ಬದಲಾಗಿ ಇದು ಚೆನ್ನಾಗಿದೆ ಅನ್ನುವ ಅರ್ಥದ ಮಾತು ಹೇಳಿದ್ದರು. ಅಲ್ಲಿ ರತ್ನಂ ಹೆಸರಿನ ಪೆನ್ನುಗಳಿವೆ, ಗೈಡರ್ ಅನ್ನುವ ಹೆಸರಿನ ಪೆನ್ನುಗಳೂ ಇವೆ. ಇವು ಗಾಜಿನ ಪೆಟ್ಟಿಗೆಯಲ್ಲಿ ಇಡೋಕೆ ಮಾಡಿದವಲ್ಲ, ದಿನಾ ಬರೆಯೋಕೆ ಮಾಡಿದವು. ದಿನಾ ಬರೆಯುವ ವಸ್ತು ಒಂದಲ್ಲ ಒಂದು ದಿನ ಕಳೆಯುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಒಂದು ಮಾತು ಮೊದಲೇ ಹೇಳಬೇಕು. ಅದೇ ಪೆನ್ ನಿಮಗೆ ಸಿಗುವುದಿಲ್ಲ. ಇದು ಮಾಡುವವರ ಕೊರತೆ ಅಲ್ಲ, ಕೆಲಸದ ರೀತಿಯೇ ಹಾಗಿದೆ. ಎಬೊನೈಟ್ ಅಂದರೆ ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು. ಅದು ಉದ್ದನೆಯ ಕಂಬಿಯಾಗಿ ಬರುತ್ತದೆ. ಕಂಬಿಯನ್ನು ತುಂಡು ಮಾಡಿ, ಲೇತಿಗೆ ಕಟ್ಟಿ, ಒಳಗೆ ಕೊರೆದು, ಹೊರಗೆ ಉಳಿಯಿಂದ ಕಡೆದು, ತಿರುಪು ಹಾಕಿ, ಕೊನೆಗೆ ಉಜ್ಜಿ ಹೊಳಪು ಕೊಡುತ್ತಾರೆ. ಉಳಿ ಹಿಡಿಯುವುದು ಮನುಷ್ಯನ ಕೈ. ಒಬ್ಬರೇ ಕೆಲಸಗಾರರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಎರಡು ಪೆನ್ ಮಾಡಿದರೂ ಹಿಡಿಯುವ ಜಾಗದ ಇಳಿಜಾರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಮತ್ತು ಬರೆಯುವ ಬೆರಳಿಗೆ ಆ ಕೂದಲೆಳೆಯೂ ತಿಳಿಯುತ್ತದೆ.

ಇನ್ನು ಬಣ್ಣ. ಹೊಸ ಪೆನ್ ನೋಡಿದ ಕೂಡಲೇ ಇದು ನನ್ನದಕ್ಕಿಂತ ಕಪ್ಪು ಅಂತ ನಿಮಗೆ ಅನಿಸಬಹುದು. ನಿಜವೇ. ಕಪ್ಪು ಎಬೊನೈಟ್ ಬಿಸಿಲು, ಬೆಳಕು, ತೇವಕ್ಕೆ ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಿಸಿನೀರಿನಲ್ಲಿ ತೊಳೆದರಂತೂ ಬೇಗ ಮಾಸುತ್ತದೆ. ನೀವು ವರ್ಷಗಟ್ಟಲೆ ಬಳಸಿದ ಪೆನ್ನಿನ ಬಣ್ಣ ನಿಮ್ಮ ಬಳಕೆಯಿಂದ ಬಂದದ್ದು. ಅದನ್ನು ಯಾವ ಅಂಗಡಿಯೂ ಕೊಡಲಾರದು. ಇದನ್ನು ಮೊದಲೇ ತಿಳಿದು ಹೋದರೆ, ಹೊಸದನ್ನು ಕೈಗೆ ತಗೊಂಡಾಗ ಬೇಜಾರಾಗುವುದಿಲ್ಲ.

ಹಾಗಾಗಿ ನನ್ನ ಸಲಹೆ ಇಷ್ಟು. ಕಳೆದ ಪೆನ್ನಿನ ನಕಲು ಕೇಳಬೇಡಿ. ನಿಮ್ಮ ಕೈಗೆ ಕೂರುವ ಪೆನ್ ಕೇಳಿ. ಫೋಟೋ ತೋರಿಸಿದರೆ ಆಕಾರ ತಿಳಿಯುತ್ತದೆ, ಅಷ್ಟೇ. ದಪ್ಪ, ತೂಕ, ಯಾವ ಕಡೆ ಭಾರ ಹೆಚ್ಚು, ಇದೆಲ್ಲ ಫೋಟೋದಲ್ಲಿ ಸಿಗೋದಿಲ್ಲ. ಅದಕ್ಕೆ ಬದಲು ನೀವು ಹಳೇ ಪೆನ್ನಿನಲ್ಲಿ ಬರೆದ ಹಾಳೆ ತಗೊಂಡು ಹೋಗಿ. ಮೂಲ ಹಾಳೆಯೇ ಆಗಬೇಕು, ಜೆರಾಕ್ಸ್ ಬೇಡ, ಅದರಲ್ಲಿ ಗೆರೆಯ ದಪ್ಪ ಬದಲಾಗುತ್ತದೆ. ಆ ಗೆರೆ ನೋಡಿದರೆ ನಿಬ್ ಎಷ್ಟು ಸಣ್ಣದು, ನೀವು ಎಷ್ಟು ಒತ್ತಿ ಬರೆಯುತ್ತೀರಿ, ಶಾಯಿ ಧಾರಾಳವಾಗಿ ಇಳಿಯುತ್ತಿತ್ತಾ ಅನ್ನುವುದನ್ನು ಪಳಗಿದ ಕೆಲಸಗಾರರು ಬಹಳ ಮಟ್ಟಿಗೆ ಹೇಳಬಲ್ಲರು. ಆಮೇಲೆ ಅವರ ಎದುರು ಕೂತು ಬರೆದು ತೋರಿಸಿ. ನಿಬ್ಬಿನಿಂದ ಎಷ್ಟು ಮೇಲೆ ಹಿಡಿಯುತ್ತೀರಿ, ಕ್ಯಾಪನ್ನು ಹಿಂದೆ ಸಿಕ್ಕಿಸಿ ಬರೆಯುತ್ತೀರಾ ಇಲ್ಲವಾ, ಅವರು ಇದನ್ನೆಲ್ಲ ನೋಡುತ್ತಾರೆ.

ಬರೆದು ನೋಡುವಾಗ ಬರೀ ಸಹಿ ಹಾಕಿ ಎದ್ದುಬರಬೇಡಿ. ಕನ್ನಡ ಬರೆಯಿರಿ. ರಾಷ್ಟ್ರ, ಸ್ತ್ರೀ, ಸ್ವಾತಂತ್ರ್ಯ, ಹೀಗೆ ಒತ್ತಕ್ಷರ ಇರುವ ಪದಗಳನ್ನು ನಿಮ್ಮ ಮಾಮೂಲಿ ಗಾತ್ರದಲ್ಲೇ ಬರೆದು ನೋಡಿ. ನಮ್ಮ ಅಕ್ಷರ ದುಂಡಗೆ, ಒತ್ತು ಕೆಳಗೆ ಚಿಕ್ಕದಾಗಿ ಬರಬೇಕು. ಇಂಗ್ಲಿಷ್ ಸಹಿಗೆ ಚೆಂದ ಕಾಣುವ ದಪ್ಪ ನಿಬ್ಬಿನಲ್ಲಿ ಒತ್ತಕ್ಷರದ ಒಳಗಿನ ಜಾಗ ಮುಚ್ಚಿಹೋಗುತ್ತದೆ. ಸಣ್ಣ ಅಕ್ಷರದವರಿಗೆ ಫೈನ್ ನಿಬ್ಬೇ ಸರಿ, ಅಂಗಡಿಯವರು ಮೀಡಿಯಂ ಚೆನ್ನಾಗಿ ಜಾರುತ್ತದೆ ಅಂದರೂ.

ನಿಬ್ಬಿನ ಬಗ್ಗೆ ಇನ್ನೊಂದು ಮಾತು. ಹಳೇ ನಿಬ್ಬಿನ ತುದಿ ನಿಮ್ಮ ಕೈಯ ಓರೆಗೆ ತಕ್ಕಂತೆ ವರ್ಷಗಳಲ್ಲಿ ಸ್ವಲ್ಪ ಸವೆದಿರುತ್ತದೆ. ಹೊಸ ನಿಬ್ ಮೊದಮೊದಲು ಬೇರೆಯವರ ಪೆನ್ನಿನ ಹಾಗೆ ಅನಿಸುತ್ತದೆ. ಕಾಗದ ಗೀರಿದರೆ ಅಲ್ಲೇ ಹೇಳಿ, ಸೀಳು ಸರಿಮಾಡಿ ತುದಿ ನಯ ಮಾಡಿಕೊಡುತ್ತಾರೆ. ಗೀರುವುದಿಲ್ಲ, ಆದರೂ ಹೊಸತು ಅನಿಸುತ್ತಿದೆ ಅಂದರೆ ಏನೂ ಮಾಡಿಸಬೇಡಿ. ಬರೆಯುತ್ತಾ ಹೋಗಿ.

ಮಗನಿಗೆ ಹೇಳಿ, ಆನ್‌ಲೈನಿನಲ್ಲಿ ತರಿಸುವುದು ತಪ್ಪಲ್ಲ, ಆದರೆ ಅಪ್ಪನ ಕೈ ನೋಡಿ ಕಡೆದುಕೊಡುವವರು ಇರುವಾಗ ಒಂದು ರೈಲು ಟಿಕೆಟ್ ಮಾಡಿಸಿಕೊಟ್ಟರೆ ಒಳ್ಳೆಯದು. ಅವನೂ ಜೊತೆಗೆ ಬರಲಿ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯ ಇಂಕ್ ಪೆನ್ ನನ್ನ ಬಳಿ ಇತ್ತು. ಮನೆ ಬದಲಾಯಿಸುವಾಗ ಕಳೆದುಹೋಯಿತು. ಎಲ್ಲಿ ಕೊಂಡದ್ದು, ಯಾರು ಮಾಡಿದ್ದು ಗೊತ್ತಿಲ್ಲ. ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾಗ ತಂದದ್ದು ಅಂತ ಅಮ್ಮ ಹೇಳುತ್ತಾರೆ. ಅವರ ಡೈರಿಗಳಿವೆ, ಜೇಬಿನಲ್ಲಿ ಪೆನ್ ಇರುವ ಒಂದು ಫೋಟೋ ಇದೆ. ಅಂಥದ್ದೇ ಇನ್ನೊಂದು ಮಾಡಿಸಬಹುದೇ?
— ಓದುಗರು, ಬೆಂಗಳೂರು

ಉತ್ತರ: ಪತ್ರ ಓದಿ ಮನಸ್ಸು ಭಾರವಾಯಿತು. ಮೊದಲು ಹುಡುಕುವುದನ್ನು ನಿಲ್ಲಿಸಬೇಡಿ. ಮನೆ ಬದಲಾಯಿಸುವಾಗ ಕಳೆದ ಪೆನ್ನುಗಳು ಕನ್ನಡಕದ ಡಬ್ಬಿ, ಹೊಲಿಗೆ ಪೆಟ್ಟಿಗೆ, ಹಳೇ ಕೋಟಿನ ಒಳಜೇಬು, ಬ್ಯಾಂಕ್ ಕಾಗದದ ಫೈಲುಗಳಲ್ಲಿ ಸೇರಿಕೊಂಡಿರುತ್ತವೆ. ಇನ್ನೂ ಬಿಚ್ಚದ ಪೆಟ್ಟಿಗೆ ಒಂದಾದರೂ ಇರುತ್ತದೆ, ಅಲ್ವಾ?

ಹೈದರಾಬಾದ್ ಅನ್ನುವುದು ಒಳ್ಳೆಯ ಸುಳಿವು. ಅಲ್ಲಿನ ಡೆಕ್ಕನ್ ಪೆನ್ ಸ್ಟೋರ್ಸ್ 1928ರಿಂದ ಇದೆ. ಅಬಿಡ್ಸ್ ಬಡಾವಣೆಯ ಅವರ ಅಂಗಡಿ ಅಂದರೆ ಪೆನ್ ಪ್ರಿಯರಿಗೆಲ್ಲ ಗೊತ್ತು. ತಮ್ಮದೇ ಎಬೊನೈಟ್ ಪೆನ್ನುಗಳನ್ನು ಮಾಡಿಸಿ ಮಾರಿದವರು ಅವರು. ತಂದೆಯವರು ಅಲ್ಲೇ ಕೊಂಡರು ಅಂತ ನಾನು ಹೇಳುತ್ತಿಲ್ಲ. ಆದರೆ ಫೋಟೋ ಹಿಡಿದು ಮೊದಲು ಹೋಗಬೇಕಾದ ಜಾಗ ಅದು. ಹಳೇ ಅಂಗಡಿಯವರು ಜೇಬಿನಿಂದ ಹೊರಗೆ ಕಾಣುವ ಕ್ಲಿಪ್ಪು ಮತ್ತು ಕ್ಯಾಪಿನ ತುದಿ ನೋಡಿಯೇ ಕೆಲವೊಮ್ಮೆ ಗುರುತಿಸುತ್ತಾರೆ. ಫೋಟೋದ ಆ ಭಾಗವನ್ನು ಮಾತ್ರ ದೊಡ್ಡದು ಮಾಡಿಸಿಕೊಳ್ಳಿ. ಅಳತೆ ಬೇಕಾದರೆ ಅದೇ ಫೋಟೋದಲ್ಲಿ ಷರ್ಟಿನ ಗುಂಡಿ ಇರುತ್ತದೆ. ಆ ಷರ್ಟು ಇನ್ನೂ ಮನೆಯಲ್ಲಿದ್ದರೆ ಗುಂಡಿ ಅಳೆಯಿರಿ, ಅದರಿಂದ ಕ್ಯಾಪಿನ ದಪ್ಪದ ಅಂದಾಜು ಸಿಗುತ್ತದೆ.

ಡೈರಿಯನ್ನು ತೆಗೆದುಕೊಂಡೇ ಹೋಗಿ. ಹುಷಾರಾಗಿ, ಕೈಚೀಲದಲ್ಲಿ. ಅದು ಕಳೆಯಬಾರದು.

ಈಗ ಕಷ್ಟದ ಮಾತು. ಮಾಡಿಸಿದ ಪೆನ್ ತಂದೆಯವರದ್ದಾಗುವುದಿಲ್ಲ. ಅದು ನಿಮಗೂ ಗೊತ್ತಿದೆ, ಆದರೂ ಕೇಳಿದ್ದೀರಿ, ಯಾಕೆಂದರೆ ಏನಾದರೂ ಮಾಡಬೇಕು ಅನಿಸುತ್ತದೆ. ನನಗೆ ಸರಿ ಅನಿಸುವುದು ಹೀಗೆ. ಹಳೇದರಂತೆ ಕಾಣುವ ಪೆನ್ ಮಾಡಿಸಿ ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ, ಅದೇ ಆಕಾರ ಇಟ್ಟುಕೊಂಡು ನಿಮ್ಮ ಬೆರಳಿಗೆ ಹೊಂದುವ ದಪ್ಪದಲ್ಲಿ ಒಂದನ್ನು ಮಾಡಿಸಿ. ತಂದೆಯವರ ಕೈ ದೊಡ್ಡದಿದ್ದಿರಬಹುದು. ಅವರಿಗೆ ಸರಿಹೋದ ದಪ್ಪ ನಿಮ್ಮ ಕೈ ನೋಯಿಸಿದರೆ ಪೆನ್ ಮೂಲೆ ಸೇರುತ್ತದೆ. ನಿಬ್ ಮಾತ್ರ ಅವರ ಡೈರಿಯ ಗೆರೆಗೆ ಹೊಂದಿಸಿ ಕೇಳಿ. ಡೈರಿಯ ಕೊನೆಯಲ್ಲಿ ಖಾಲಿ ಹಾಳೆ ಉಳಿದಿದ್ದರೆ, ಬರೆದು ನೋಡುವುದನ್ನು ಅದರಲ್ಲೇ ಮಾಡಿ. ಕಾಗದ ಬದಲಾದರೆ ಒಂದೇ ನಿಬ್ಬಿನ ಗೆರೆಯೂ ಬೇರೆ ಆಗುತ್ತದೆ, ಹೀರುವ ಕಾಗದದಲ್ಲಿ ಹರಡಿಕೊಳ್ಳುತ್ತದೆ.

ಪ್ರಶ್ನೆ: ಪೆನ್ ಇದೆ, ಕ್ಯಾಪ್ ಕಳೆದಿದೆ. ಅದೇ ಕಂಪನಿಯ ಇನ್ನೊಂದು ಪೆನ್ನಿನ ಕ್ಯಾಪ್ ಹಾಕಿದರೆ ಕೂರುತ್ತಿಲ್ಲ. ಎಸೆಯಬೇಕೇ?
— ಓದುಗರು, ಧಾರವಾಡ

ಉತ್ತರ: ಎಸೆಯಬೇಡಿ ಮಾರಾಯರೇ! ಕೈಯಲ್ಲಿ ಮಾಡುವ ಪೆನ್ನಿನಲ್ಲಿ ಆ ಕ್ಯಾಪನ್ನು ಆ ಪೆನ್ನಿಗೇ ಹಾಕಿ ತಿರುಗಿಸಿ ನೋಡಿ ಕೂರಿಸಿರುತ್ತಾರೆ. ಇನ್ನೊಂದರ ಕ್ಯಾಪ್ ಕೂರಲೇಬೇಕು ಅಂತ ಇಲ್ಲ. ಬಲವಂತ ಮಾಡಿದರೆ ತಿರುಪು ಹಾಳಾಗಿ, ಆಮೇಲೆ ಸರಿಯಾದ ಕ್ಯಾಪ್ ಮಾಡಿಸುವುದೂ ಕಷ್ಟ. ಪೆನ್ನಿನ ಶಾಯಿ ಪೂರ್ತಿ ಖಾಲಿ ಮಾಡಿ, ತಣ್ಣೀರಿನಲ್ಲಿ ತೊಳೆದು, ಒಣಗಿಸಿ, ಮಾಡಿದವರಿಗೆ ಪೆನ್ನನ್ನೇ ಕಳಿಸಿ. ಅಳತೆ ಬರೆದು ಕಳಿಸಿದರೆ ಸಾಲದು. ಪೆನ್ ಕೈಯಲ್ಲಿದ್ದರೆ ಅವರು ಕ್ಯಾಪಿನ ಒಳಗೆ ಅದೇ ತಿರುಪು ಹಾಕಿಕೊಡುತ್ತಾರೆ. ಬಣ್ಣಬಣ್ಣದ ಸುಳಿ ಇರುವ ಎಬೊನೈಟ್ ಆದರೆ ಸುಳಿ ಹೊಂದುವುದಿಲ್ಲ. ಒಂದೊಂದು ಕಂಬಿಯ ಸುಳಿಯೂ ಬೇರೆ. ಹೊಂದಿಸಲು ಹೋಗಿ ಅರೆಬರೆ ಮಾಡಿಸುವುದಕ್ಕಿಂತ ಪೂರ್ತಿ ಕಪ್ಪು ಕ್ಯಾಪ್ ಹಾಕಿಸಿ, ಚೆನ್ನಾಗೇ ಕಾಣುತ್ತದೆ. ಕ್ಯಾಪ್ ಬರುವವರೆಗೆ ಆ ಪೆನ್ನಿನಲ್ಲಿ ಬರೆಯಬೇಡಿ, ನಿಬ್ಬಿನಲ್ಲಿ ಶಾಯಿ ಒಣಗಿ ಅದರ ಕೆಳಗಿನ ನಾಲಿಗೆ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಚನ್ನಪಟ್ಟಣದ ರಸ್ತೆ ಬದಿ ಅಂಗಡಿಯಲ್ಲಿ ಕೆಂಪು, ಹಳದಿ ಬಣ್ಣದ ಮರದ ಪೆನ್ ಕೊಂಡಿದ್ದೆ. ಸ್ನೇಹಿತರ ಮದುವೆಯಲ್ಲಿ ಕಳೆದುಹೋಯಿತು. ಮಾಡಿದ ಕುಶಲಕರ್ಮಿಯನ್ನು ಹುಡುಕಬಹುದೇ?
— ಓದುಗರು, ಮೈಸೂರು

ಉತ್ತರ: ಕಷ್ಟ, ಆದರೆ ಆಗದ ಮಾತಲ್ಲ. ಚನ್ನಪಟ್ಟಣದಲ್ಲಿ ಕಡೆಯುವ ಕೆಲಸ ಮನೆಮನೆಯಲ್ಲಿ, ಚಿಕ್ಕ ಚಿಕ್ಕ ಘಟಕಗಳಲ್ಲಿ ಹಂಚಿಹೋಗಿದೆ. ಹೆದ್ದಾರಿ ಅಂಗಡಿಗಳು ಹಲವರಿಂದ ಮಾಲು ತರಿಸಿಕೊಳ್ಳುತ್ತವೆ. ಪೆನ್ನಿನ ಮೇಲೆ ಮಾಡಿದವರ ಹೆಸರು ಇರುವುದು ಅಪರೂಪ. ಹಾಗಾಗಿ ಕೊಂಡ ಅಂಗಡಿಗೇ ಹೋಗಿ, ಇದನ್ನು ನಿಮಗೆ ಯಾರು ಕೊಡುತ್ತಾರೆ ಅಂತ ನೇರವಾಗಿ ಕೇಳಿ. ಹೇಳದಿದ್ದರೆ ಊರೊಳಗೆ ಹೋಗಿ. ಲೇತ್ ಓಡುವ ಸದ್ದು ಕೇಳುವ ಬೀದಿಗಳಿವೆ. ಅಲ್ಲಿ ಯಾರನ್ನು ಕೇಳಿದರೂ ಪೆನ್ ಮಾಡುವವರು ಇಂಥವರು ಅಂತ ತೋರಿಸುತ್ತಾರೆ.

ಹೋದಮೇಲೆ ಸುಮ್ನೆ ಕೊಂಡು ಬಂದುಬಿಡಬೇಡಿ, ಸ್ವಲ್ಪ ಹೊತ್ತು ನಿಂತು ನೋಡಿ. ಆಲೆ ಮರದ ತುಂಡು ಲೇತಿನಲ್ಲಿ ಗಿರಗಿರ ತಿರುಗುತ್ತಿರುತ್ತದೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಆ ಹೊಳಪು ಬರುತ್ತದೆ. ಕುಂಚವೂ ಇಲ್ಲ, ಒಣಗಲು ಕಾಯುವುದೂ ಇಲ್ಲ. ನಿಮ್ಮ ಎದುರಿಗೇ ಕೆಂಪಿನ ಪಕ್ಕ ಹಳದಿ ಪಟ್ಟೆ ಏಳುವುದನ್ನು ನೋಡಿದರೆ, ಕಳೆದದ್ದಕ್ಕಿಂತ ಇದರ ಮೇಲೆ ಪ್ರೀತಿ ಹುಟ್ಟಿದರೂ ಆಶ್ಚರ್ಯವಿಲ್ಲ.

ಹೊಸದನ್ನು ಸ್ಯಾನಿಟೈಸರ್ ಹಚ್ಚಿದ ಒದ್ದೆ ಕೈಯಲ್ಲಿ ಹಿಡಿಯಬೇಡಿ, ಸ್ಪಿರಿಟ್ಟಿನಿಂದ ಒರೆಸಲೂ ಬೇಡಿ. ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲೂ ಇಡಬೇಡಿ. ರೀಫಿಲ್ ಯಾವ ಅಳತೆಯದು ಅಂತ ಕೊಳ್ಳುವಾಗಲೇ ಕೇಳಿಕೊಂಡು, ಮೈಸೂರಿನಲ್ಲಿ ಸಿಗುತ್ತದಾ ನೋಡಿಕೊಳ್ಳಿ.

ಪ್ರಶ್ನೆ: ನಾನು ಮನೆಯಲ್ಲೇ ಸಣ್ಣ ಲೇತ್ ಇಟ್ಟುಕೊಂಡು ಮರದ ಪೆನ್ ಮಾಡಿ ಮಾರುತ್ತೇನೆ. ಕಳೆದುಕೊಂಡವರು ವಾಪಸ್ ಬಂದು ಅದೇ ಬೇಕು ಅನ್ನುತ್ತಾರೆ. ಕೆಲವರು ಹಳೇ ಗಿರಾಕಿ ಅಂತ ಅರ್ಧ ಬೆಲೆ ಕೇಳುತ್ತಾರೆ. ಇಲ್ಲ ಅನ್ನೋಕೆ ಬಾಯಿ ಬರುವುದಿಲ್ಲ.
— ಓದುಗರು, ಶಿರಸಿ

ಉತ್ತರ: ಇಲ್ಲ ಅನ್ನಿ. ನಗುನಗುತ್ತಾ ಹೇಳಿ, ಆದರೆ ಹೇಳಿ. ಎರಡನೇ ಪೆನ್ನಿಗೆ ಮರ ಅರ್ಧ ಸಾಕಾಗುತ್ತದಾ? ಕೆಲಸದ ಹೊತ್ತು ಅರ್ಧ ಆಗುತ್ತದಾ? ಹಳೇದಕ್ಕೆ ಹೊಂದಿಸಿ ಮಾಡುವ ಪೆನ್ನಿಗೆ ಹೊಸದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಗಿರಾಕಿಗೆ ಬೇಜಾರಾಗುತ್ತದೆ ಅನ್ನುವ ಭಯ ಬೇಡ. ವಾಪಸ್ ಬಂದವರು ನಿಮ್ಮ ಕೆಲಸ ಮೆಚ್ಚಿಯೇ ಬಂದಿರುತ್ತಾರೆ. ಬೆಲೆ ಬಿಡುವ ಬದಲು ಬೇರೆ ಏನಾದರೂ ಕೊಡಬಹುದು. ಹೆಸರು ಕೆತ್ತಿಕೊಡಿ. ಹಿಂದೆ ಪೆನ್ ಅಂಗಡಿ ಮುಂದೆ ಹೆಸರು ಕೆತ್ತುವವರು ಕೂರುತ್ತಿದ್ದರು. ಆ ಹೆಸರಿನಿಂದಾಗಿಯೇ ಎಷ್ಟೋ ಪೆನ್ನು ಯಜಮಾನನ ಕೈಗೆ ವಾಪಸ್ ಬಂದಿವೆ. ಮೊಬೈಲ್ ನಂಬರಿನ ಕೊನೆಯ ಅಂಕಿಗಳನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು.

ನಿಮಗೆ ನಿಜವಾಗಿ ಬೇಕಾಗಿರುವುದು ಒಂದು ಪುಸ್ತಕ. ಮಾರಿದ ಪ್ರತಿ ಪೆನ್ನಿಗೂ ಒಂದು ಸಂಖ್ಯೆ ಕೊಡಿ. ಯಾವ ಮರ, ಒಟ್ಟು ಉದ್ದ, ಹಿಡಿಯುವ ಜಾಗದ ದಪ್ಪ ಎಷ್ಟು ಮಿಲಿಮೀಟರ್, ನಿಬ್ ಯಾವುದು, ಗಿರಾಕಿ ಎಡಗೈಯವರಾ, ಇಷ್ಟು ಬರೆದಿಡಿ. ಪಕ್ಕದಲ್ಲಿ ಅವರ ಕೈಯಲ್ಲೇ ಆ ಪೆನ್ನಿನಿಂದ ಒಂದು ಸಾಲು ಬರೆಸಿಕೊಳ್ಳಿ. ಮುಂದೆ ಕಳೆದುಕೊಂಡು ಬಂದಾಗ ಅವರ ನೆನಪನ್ನೂ ನಂಬಬೇಕಿಲ್ಲ, ನಿಮ್ಮ ನೆನಪನ್ನೂ ನಂಬಬೇಕಿಲ್ಲ. ಆಕಾರಕ್ಕೆ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ ಇಟ್ಟರೆ ಕಡೆಯುವಾಗ ಒಡ್ಡಿ ನೋಡಬಹುದು. ಒಳ್ಳೆಯ ಮರದ ತುಂಡು ಸಿಕ್ಕಾಗ ಪೂರ್ತಿ ಖರ್ಚು ಮಾಡದೆ ಒಂದು ಪೆನ್ನಿಗಾಗುವಷ್ಟು ಎತ್ತಿಡಿ. ಅದೇ ತುಂಡಿನದೇ ಇದೆ ಅಂತ ನೀವು ಹೇಳಿದಾಗ ಅವರ ಮುಖ ನೋಡಬೇಕು! ಬೆಲೆಯ ಮಾತು ಆಮೇಲೆ ಏಳುವುದೇ ಇಲ್ಲ.

ಪ್ರಶ್ನೆ: ನಾನಿರುವುದು ಅಮೆರಿಕದಲ್ಲಿ. ಊರಿಗೆ ಬಂದಾಗ ತಮಿಳುನಾಡಿನಲ್ಲಿ ಮಾಡಿಸಿಕೊಂಡ ಪೆನ್ ಇಲ್ಲಿ ವಿಮಾನ ನಿಲ್ದಾಣದಲ್ಲಿ ಕಳೆಯಿತು. ಇಲ್ಲಿಂದಲೇ ಇನ್ನೊಂದು ಮಾಡಿಸಬಹುದೇ? ಮೊದಲನೆಯದು ವಿಮಾನದಲ್ಲಿ ಸೋರಿ ಜೇಬು ಹಾಳು ಮಾಡಿತ್ತು, ಹೊಸದೂ ಹಾಗೇ ಮಾಡುತ್ತದಾ?
— ಓದುಗರು, ಡಲ್ಲಾಸ್

ಉತ್ತರ: ಮಾಡಿಸಬಹುದು. ಚೆನ್ನೈ ಹತ್ತಿರದ ತಿರುವಳ್ಳೂರಿನ ರಂಗಾ ಪೆನ್ನಿನವರಿಗಂತೂ ಹೊರದೇಶದ ಗಿರಾಕಿಗಳು ಬಹಳ. ಅಳತೆ ಬರೆದು ಕಳಿಸಿದರೆ ಮಾಡಿ ಕಳಿಸುತ್ತಾರೆ. ನಿಮ್ಮ ಕೈಗೆ ಸರಿಹೋಗುವ ಯಾವುದಾದರೂ ಪೆನ್ ತಗೊಂಡು, ನೀವು ಬೆರಳಿಡುವ ಜಾಗದ ದಪ್ಪವನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು ಕಳಿಸಿ. ಸ್ಕೇಲಿನಲ್ಲಿ ಅಳೆದರೆ ಅಂದಾಜಷ್ಟೇ ಸಿಗುತ್ತದೆ.

ಸೋರಿಕೆ ಪೆನ್ನಿನ ದೋಷ ಆಗಿರಲಿಕ್ಕಿಲ್ಲ. ಫಿಲ್ಲರಿನಿಂದ ನೇರವಾಗಿ ಕೊಳವೆಗೇ ಶಾಯಿ ತುಂಬುವ ಪೆನ್ನಿನಲ್ಲಿ ಎರಡು ಮೂರು ಮಿಲಿಲೀಟರ್ ಹಿಡಿಯುತ್ತದೆ. ಅರ್ಧ ಖಾಲಿ ಆದಾಗ ಉಳಿದ ಜಾಗದಲ್ಲಿ ಗಾಳಿ ಇರುತ್ತದೆ. ವಿಮಾನ ಮೇಲೇರಿದ ಹಾಗೆ ವಿಮಾನದೊಳಗಿನ ಒತ್ತಡ ಕಡಿಮೆಯಾಗಿ, ಪೆನ್ನಿನಲ್ಲಿರುವ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಗೆ ತಳ್ಳುತ್ತದೆ. ಹಾಗಾಗಿ ಪೂರ್ತಿ ತುಂಬಿ ಹತ್ತಿ, ಇಲ್ಲವೇ ಪೂರ್ತಿ ಖಾಲಿ ಮಾಡಿ ಹತ್ತಿ. ವಿಮಾನ ಏರುವಾಗ, ಇಳಿಯುವಾಗ ನಿಬ್ ಮೇಲೆ ಮುಖ ಮಾಡಿರಲಿ. ಕೊಳವೆಯ ತಿರುಪಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ಪದೇ ಪದೇ ಪ್ರಯಾಣ ಮಾಡುವವರಾದರೆ ಆರ್ಡರ್ ಕೊಡುವಾಗಲೇ ಕನ್ವರ್ಟರ್, ಅಂದರೆ ಶಾಯಿ ಎಳೆದುಕೊಳ್ಳುವ ಬಿಚ್ಚಿ ಹಾಕುವ ಚಿಕ್ಕ ಕೊಳವೆ, ಕೂರುವ ಹಾಗೆ ಮಾಡಿಕೊಡಿ ಅಂತ ಕೇಳಿ. ಅದರಲ್ಲಿ ಒಂದು ಮಿಲಿಲೀಟರಿಗಿಂತ ಕಡಿಮೆ ಶಾಯಿ ಹಿಡಿಯುತ್ತದೆ, ಆದರೆ ಗಾಳಿಯೂ ಕಡಿಮೆ ಇರುವುದರಿಂದ ಸೋರುವ ಕಾಟವೂ ಕಡಿಮೆ. ಕೊಳವೆ ಕೊರೆದ ಮೇಲೆ ಬದಲಾಯಿಸುವುದು ಅವರಿಗೆ ಕಷ್ಟ, ಹಾಗಾಗಿ ಇದನ್ನು ಮೊದಲ ಪತ್ರದಲ್ಲೇ ಬರೆದುಬಿಡಿ.